ಕಿಡಿಯಿಲ್ಲದ ಎಂಜಿನ್ನು, ಮುನಿಸಿಕೊಳ್ಳುವ ಪಂಪು

ಪೆಟ್ರೋಲ್ ಕಾರು ದಾರಿಯಲ್ಲಿ ನಿಂತರೆ ಮೆಕ್ಯಾನಿಕ್‌ನ ಮುಂದೆ ಏಳುವ ಪ್ರಶ್ನೆಗಳು ಎರಡು. ಕಿಡಿ ಬರುತ್ತಿದೆಯೇ? ಪೆಟ್ರೋಲ್ ಬರುತ್ತಿದೆಯೇ? ಡೀಸೆಲ್ ಕಾರಿನಲ್ಲಿ ಮೊದಲ ಪ್ರಶ್ನೆಗೆ ಜಾಗವೇ ಇಲ್ಲ. ಅಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಎಲ್ಲರೂ ಕಂಡಿದ್ದಾರೆ. ಅದೇ ತತ್ತ್ವದಂತೆ ಸಿಲಿಂಡರಿನೊಳಗೆ ಬಲವಾಗಿ ಅದುಮಿದ ಗಾಳಿ ವಿಪರೀತ ಕಾಯುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಒಂದು ಹನಿಯಷ್ಟು ಡೀಸೆಲನ್ನು ಮಂಜಿನಂತೆ ಚಿಮ್ಮಿಸಿದರೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಬ್ಯಾಟರಿ, ಸ್ಟಾರ್ಟರ್ ಎರಡೂ ಸರಿಯಿದ್ದು ಕಾರು ಹೊರಡದಿದ್ದರೆ ಅನುಮಾನ ಮೊದಲು ಬೀಳುವುದು ಇಂಧನ ಸಾಗುವ ದಾರಿಯ ಮೇಲೆ.

ಆ ಒಂದು ಹನಿಯನ್ನು ಚಿಮ್ಮಿಸುವುದು ಎಷ್ಟು ಕಷ್ಟವೆಂಬುದು ಎಂಜಿನ್ನಿನ ಜನಕ ರುಡಾಲ್ಫ್ ಡೀಸೆಲ್‌ಗೆ ಮೊದಲೇ ಅರಿವಾಗಿತ್ತು. 1893ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಪ್ರಯೋಗ ಆರಂಭಿಸಿದ ಆತ ಇಂಧನವನ್ನು ನೇರವಾಗಿ ಪಂಪಿನಿಂದ ಒಳನುಗ್ಗಿಸಲು ಯತ್ನಿಸಿ ಸೋತ. ಅಷ್ಟು ಒತ್ತಡ ತಡೆಯುವ, ಅಷ್ಟು ಕರಾರುವಾಕ್ಕಾದ ಪಂಪು ಮಾಡುವ ವಿದ್ಯೆ ಆಗ ಇರಲಿಲ್ಲ. ಕೊನೆಗೆ ಒತ್ತಿಟ್ಟ ಗಾಳಿಯ ಬಲದಿಂದ ಇಂಧನವನ್ನು ಊದುವ ಉಪಾಯ ಹೂಡಿದ. 1897ರಲ್ಲಿ ಯಶಸ್ವಿಯಾದ ಆ ಎಂಜಿನ್ನು ಇಂಧನದ ಶಕ್ತಿಯಲ್ಲಿ ಶೇ 26ರಷ್ಟನ್ನು ಕೆಲಸಕ್ಕೆ ತಿರುಗಿಸಿ ಆ ಕಾಲದ ಉಗಿಯಂತ್ರಗಳನ್ನು ನಾಚಿಸಿತು. ಆದರೆ ಅದರ ಎತ್ತರ ಸುಮಾರು ಮೂರು ಮೀಟರು. ಜತೆಗೆ ಗಾಳಿ ಒತ್ತುವ ಭಾರೀ ಕಂಪ್ರೆಸರ್ ಬೇರೆ. ಕಾರ್ಖಾನೆಗೆ ಸರಿ, ಹಡಗಿಗೂ ಸರಿ. ಕಾರಿನೊಳಗೆ ಕೂರಿಸುವುದು ಹೇಗೆ? 1913ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿಗೆ ಹೊರಟಿದ್ದ ಹಡಗಿನಿಂದ ಡೀಸೆಲ್ ನಿಗೂಢವಾಗಿ ಕಣ್ಮರೆಯಾದಾಗಲೂ ಈ ಪ್ರಶ್ನೆ ಹಾಗೇ ಇತ್ತು.

ಉತ್ತರ ಹುಡುಕಿದವರಲ್ಲಿ ಸ್ಪಾರ್ಕ್ ಪ್ಲಗ್ ಮತ್ತು ಕಿಡಿ ಹೊತ್ತಿಸುವ ಮ್ಯಾಗ್ನೆಟೋ ಮಾರಿ ಹೆಸರು ಮಾಡಿದ್ದ ಸ್ಟುಟ್‌ಗಾರ್ಟ್‌ನ ರಾಬರ್ಟ್ ಬಾಷ್ ಪ್ರಮುಖ ಎಂಬುದು ಸ್ವಾರಸ್ಯಕರ. ಕಿಡಿಯೇ ಬೇಡದ ಎಂಜಿನ್ನು ಗೆದ್ದರೆ ಇಂಥ ವ್ಯಾಪಾರಕ್ಕೇ ಕುತ್ತು. 1922ರ ಕೊನೆಯಲ್ಲಿ ಆತ ಡೀಸೆಲ್ ಪಂಪು ತಯಾರಿಕೆಗೆ ಕೈಹಾಕಿದ. 1927ರಲ್ಲಿ ಅದು ಮಾರುಕಟ್ಟೆಗೆ ಬಂತು. ಲಾರಿಗಳು ಮೊದಲು ಅದನ್ನು ಅಪ್ಪಿಕೊಂಡವು. 1936ರಲ್ಲಿ ಬರ್ಲಿನ್ ಪ್ರದರ್ಶನದಲ್ಲಿ ಮರ್ಸಿಡಿಸ್ ಬೆಂಜ್ 260 ಡಿ ಎಂಬ ಡೀಸೆಲ್ ಕಾರು ಕಾಣಿಸಿಕೊಂಡಿತು. ಕೇವಲ 45 ಅಶ್ವಶಕ್ತಿ, ಸದ್ದೂ ಹೆಚ್ಚು. ಆದರೂ ಟ್ಯಾಕ್ಸಿಯವರು ಮುಗಿಬಿದ್ದರು. ಹೊಟ್ಟೆಪಾಡಿಗೆ ಗಾಡಿ ಓಡಿಸುವವರಿಗೆ ಸದ್ದಿಗಿಂತ ಲೀಟರಿನ ಲೆಕ್ಕ ಮುಖ್ಯ.

ಆ ಪಂಪಿನ ಜೀವವಿರುವುದು ಪ್ಲಂಜರ್ ಎಂಬ ಉಕ್ಕಿನ ಕಡ್ಡಿ ಮತ್ತು ಅದು ಓಡಾಡುವ ಬ್ಯಾರೆಲ್‌ನಲ್ಲಿ. ಇವೆರಡರ ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಎರಡು ಮೂರು ಭಾಗ ಮಾತ್ರ. ತಲೆಗೂದಲು ಇದರ ಮುಂದೆ ಹಗ್ಗ! ಒಂದನ್ನೊಂದು ಉಜ್ಜಿ ಜೋಡಿ ಮಾಡಿರುವುದರಿಂದ ಒಂದರ ಪ್ಲಂಜರನ್ನು ಇನ್ನೊಂದರ ಬ್ಯಾರೆಲ್ಲಿಗೆ ಹಾಕುವಂತಿಲ್ಲ. ಈ ಸೂಕ್ಷ್ಮತೆಯೇ ಡೀಸೆಲನ್ನು ಕಾರಿಗೆ ತಂದಿತು. ಚಿಟಿಕೆ ದೂಳಿಗೆ, ಚಮಚ ನೀರಿಗೆ ಕಾರು ಮುನಿಸಿಕೊಳ್ಳುವಂತೆ ಮಾಡಿದ್ದೂ ಇದೇ.

ಈ ವಿದ್ಯೆ ಕರ್ನಾಟಕಕ್ಕೆ ಬಂದದ್ದು ಬಹಳ ತಡವಾಗಿಯೇನಲ್ಲ. 1951ರಲ್ಲಿ ಬಾಷ್ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ಮೋಟರ್ ಇಂಡಸ್ಟ್ರೀಸ್ ಕಂಪೆನಿ, ಜನರ ಬಾಯಲ್ಲಿ ‘ಮೈಕೋ’, ಹುಟ್ಟಿತು. ಆಡುಗೋಡಿಯ ಕಾರ್ಖಾನೆಯ ಪಂಪುಗಳು ದೇಶದ ಲಾರಿ, ಟ್ರ್ಯಾಕ್ಟರುಗಳಿಗೆ ಹೋದವು. 2008ರಲ್ಲಿ ಕಂಪೆನಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡರೂ ಮೈಕೋ ಲೇಔಟ್ ಮಾತ್ರ ಬದಲಾಗಲಿಲ್ಲ. ಭಾರತದ ಕಾರು ಡೀಸೆಲ್ಲಿಗೆ ತಿರುಗಿದ್ದು 1980ರ ಹೊತ್ತಿಗೆ, 1489 ಸಿಸಿ ಎಂಜಿನ್ನಿನ ಅಂಬಾಸಿಡರ್ ಮೂಲಕ. ಇಲ್ಲಿಯೂ ಮೊದಲು ಕೈಹಿಡಿದವರು ಟ್ಯಾಕ್ಸಿಯವರೇ.

ಆ ತಲೆಮಾರಿನ ಕಾರುಗಳ ದೋಷ ಪತ್ತೆಗೆ ಬೇಕಾಗಿದ್ದುದು ಎರಡು ಸ್ಪ್ಯಾನರು ಮತ್ತು ಚುರುಕು ಕಿವಿ. ಅತಿ ಸಾಮಾನ್ಯ ಕಾಯಿಲೆ ‘ಏರ್ ಹಿಡಿಯುವುದು’. ಟ್ಯಾಂಕ್ ಬರಿದಾಗಿ ನಿಂತ ಪೆಟ್ರೋಲ್ ಕಾರಿಗೆ ಇಂಧನ ಹಾಕಿದರೆ ಹೊರಡುತ್ತದೆ. ಅಂದಿನ ಡೀಸೆಲ್ ಕಾರು ಹೊರಡುತ್ತಿರಲಿಲ್ಲ. ದ್ರವವನ್ನು ಅದುಮಿದರೆ ಒತ್ತಡ ಏರುತ್ತದೆ. ನಡುವೆ ಗಾಳಿಗುಳ್ಳೆ ಸೇರಿದರೆ ಅದು ಸ್ಪ್ರಿಂಗಿನಂತೆ ಕುಗ್ಗಿ ಹಿಗ್ಗುತ್ತದೆಯೇ ಹೊರತು ನಾಝಲ್ ಬಾಯಿ ತೆರೆಯಲು ಬೇಕಾದ, ವಾತಾವರಣದ ನೂರು ಪಟ್ಟಿಗೂ ಮೀರಿದ ಒತ್ತಡ ಹುಟ್ಟುವುದೇ ಇಲ್ಲ. ಆಗ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಬೇಕು. ಮೊದಲು ನೊರೆ ಬರುತ್ತದೆ, ಆಮೇಲೆ ತಿಳಿಯಾದ ಧಾರೆ. ಅಲ್ಲಿಗೆ ಸ್ಕ್ರೂ ಬಿಗಿ.

ಏರ್ ತೆಗೆದರೂ ಮತ್ತೆ ಮತ್ತೆ ಹಿಡಿಯುತ್ತಿದ್ದರೆ ಟ್ಯಾಂಕಿನಿಂದ ಬರುವ ಪೈಪಿನಲ್ಲಿ ಎಲ್ಲೋ ಬಿರುಕಿದೆ ಎಂದರ್ಥ. ಇದು ತಲೆನೋವಿನ ಕೆಲಸ. ಹೀರುವ ಪೈಪಾದ್ದರಿಂದ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಸೇರುತ್ತದೆ. ಕಣ್ಣಿಗೆ ಕಾಣುವ ಕುರುಹೇ ಇಲ್ಲ. ಅನುಭವಿ ಮೆಕ್ಯಾನಿಕ್ ನಡುವೆ ಪಾರದರ್ಶಕ ಪ್ಲಾಸ್ಟಿಕ್ ಪೈಪು ಹಾಕಿ ಗುಳ್ಳೆ ನೋಡುತ್ತಾನೆ. ಇಲ್ಲವೇ ಎಂಜಿನ್ನಿಗಿಂತ ಎತ್ತರದಲ್ಲಿ ಡೀಸೆಲ್ ಕ್ಯಾನು ತೂಗುಹಾಕಿ ಅದರಿಂದ ನೇರವಾಗಿ ಪಂಪಿಗೆ ಪೈಪು ಕೊಡುತ್ತಾನೆ. ಎಂಜಿನ್ನು ಚೆನ್ನಾಗಿ ಓಡಿದರೆ ಪಂಪು ನಿರಪರಾಧಿ. ದೋಷ ಹಿಂದಿನ ಪೈಪಿನಲ್ಲೋ ಟ್ಯಾಂಕಿನಲ್ಲೋ ಇದೆ. ಸಾವಿರಾರು ರೂಪಾಯಿಯ ಪಂಪು ಬಿಚ್ಚುವ ಮೊದಲು ಇಷ್ಟು ಮಾಡದ ಗ್ಯಾರೇಜುಗಳಿಗೇನೂ ಕೊರತೆಯಿರಲಿಲ್ಲ.

ಎಂಜಿನ್ನು ಓಡುತ್ತಿದೆ, ಆದರೆ ಕುಂಟುತ್ತಿದೆ ಎಂದರೆ ಬೇರೆ ಪರೀಕ್ಷೆ. ಐಡ್ಲಿಂಗ್‌ನಲ್ಲಿ ಬಿಟ್ಟು ಒಂದೊಂದೇ ನಾಝಲ್ ಪೈಪಿನ ನಟ್ಟು ಸಡಿಲಿಸಬೇಕು. ಸದ್ದು ಬದಲಾದರೆ ಆ ಸಿಲಿಂಡರ್ ದುಡಿಯುತ್ತಿತ್ತು. ಸದ್ದು ಬದಲಾಗದಿದ್ದರೆ ಅದೇ ಸೋಮಾರಿ. ಕಳಚಿದ ನಾಝಲ್ ಬೆಂಚಿನ ಮೇಲೆ ಕರ್ರೆಂದು ಸದ್ದು ಮಾಡುತ್ತ ಮಂಜು ಚೆಲ್ಲಬೇಕು. ಹನಿ ತೊಟ್ಟಿಕ್ಕಿದರೆ ಅದು ಹೊರಗುಗುಳುತ್ತಿದ್ದ ಕರಿಹೊಗೆಗೆ ಕಾರಣ ಸಿಕ್ಕಂತೆ.

ಹೀಗೆ ಬಂದ ಪಂಪುಗಳಲ್ಲಿ ಕೆಲವನ್ನು ಕೆಡಿಸಿದ್ದು ಡೀಸೆಲ್ಲೇ. ಪಂಪಿನ ಒಳಭಾಗಗಳಿಗೆ ಬೇರೆ ಎಣ್ಣೆಯಿಲ್ಲ. ಡೀಸೆಲ್ಲಿನ ಜಿಡ್ಡೇ ಅವುಗಳನ್ನು ಕಾಯಬೇಕು. ಅಗ್ಗದ ಸೀಮೆಎಣ್ಣೆ ಬೆರೆತರೆ ಆ ಜಿಡ್ಡು ಇಳಿದು ಲೋಹ ಸವೆಯುತ್ತದೆ. ಈ ಕಲಬೆರಕೆಯ ಹಿಂದಿನ ಹಣದ ಬಲವೆಷ್ಟೆಂಬುದು ದೇಶಕ್ಕೆ ತಿಳಿದದ್ದು 2005ರ ನವೆಂಬರ್‌ನಲ್ಲಿ. ಕೋಲಾರ ಚಿನ್ನದ ಗಣಿಯಲ್ಲಿ ಬೆಳೆದು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ್ದ, ಇಂಡಿಯನ್ ಆಯಿಲ್‌ನ ಯುವ ಅಧಿಕಾರಿ ಎಸ್. ಮಂಜುನಾಥ್ ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆ ಮಾಡುತ್ತಿದ್ದ ಬಂಕಿಗೆ ಬೀಗ ಜಡಿಸಿದ್ದರು. ಅದಕ್ಕಾಗಿ ಅವರನ್ನು ಗುಂಡಿಟ್ಟು ಕೊಂದರು. ಅಪರಾಧಿಗಳ ಜೀವಾವಧಿ ಶಿಕ್ಷೆಯನ್ನು 2015ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಅಷ್ಟರಲ್ಲಿ ಪಂಪಿನ ಕಥೆಯೇ ಬದಲಾಗಿತ್ತು. 1997ರಲ್ಲಿ ಆಲ್ಫಾ ರೋಮಿಯೋ ಮತ್ತು ಮರ್ಸಿಡಿಸ್ ಕಾರುಗಳಲ್ಲಿ ‘ಕಾಮನ್ ರೈಲ್’ ವ್ಯವಸ್ಥೆ ಬಂತು. ಪಂಪು ಡೀಸೆಲನ್ನು ಒಂದೇ ದಪ್ಪ ಕೊಳವೆಯಲ್ಲಿ ವಾತಾವರಣದ ಸುಮಾರು 1350 ಪಟ್ಟು ಒತ್ತಡದಲ್ಲಿ ತುಂಬಿಡುತ್ತದೆ. ಯಾವ ಇಂಜೆಕ್ಟರ್ ಯಾವಾಗ ಬಾಯಿ ತೆರೆಯಬೇಕೆಂದು ಕಂಪ್ಯೂಟರ್ ಹೇಳುತ್ತದೆ. ಸದ್ದು, ಹೊಗೆ ಎರಡೂ ಇಳಿದವು. 2007ರಲ್ಲಿ ಮಾರುತಿ ಸ್ವಿಫ್ಟ್ ಡೀಸೆಲ್ ಬಂದ ಮೇಲೆ ಈ ತಂತ್ರ ಮಧ್ಯಮ ವರ್ಗದ ಮನೆಯಂಗಳಕ್ಕೂ ತಲಪಿತು. ಹೊಗೆ ನಿಯಮಗಳು ಬಿಗಿಯಾಗಿ, 2020ರಲ್ಲಿ ಮಾರುತಿ ಡೀಸೆಲ್ ಕಾರುಗಳನ್ನು ಕೈಬಿಟ್ಟಿತು.

ನಟ್ಟು ಸಡಿಲಿಸುವ ಹಳೆಯ ಪರೀಕ್ಷೆ ಇಲ್ಲಿ ಸಲ್ಲದು. ಆ ಒತ್ತಡದ ಸೂಜಿಧಾರೆ ಚರ್ಮವನ್ನೇ ತೂರಿ ಒಳಹೋಗಬಲ್ಲದು. ಬೆರಳು ಕಳೆದುಕೊಳ್ಳುವ ಅಪಾಯವುಂಟು. ಈಗ ಸ್ಕ್ಯಾನರ್ ಸಿಕ್ಕಿಸಿದರೆ ‘ರೈಲ್ ಒತ್ತಡ ಕಡಿಮೆ’ ಎಂಬ ಸಂಕೇತ ಬರುತ್ತದೆ. ಕಾರಣ ಫಿಲ್ಟರೋ, ಪಂಪೋ, ಇಂಜೆಕ್ಟರೋ ಎಂಬುದನ್ನು ಅದು ಹೇಳುವುದಿಲ್ಲ. ಅದಕ್ಕೆ ಮೆಕ್ಯಾನಿಕ್ ನಾಲ್ಕೂ ಇಂಜೆಕ್ಟರಿನ, ಒತ್ತಡವಿಲ್ಲದ ವಾಪಸಾತಿ ಕೊಳವೆಗಳಿಗೆ ಒಂದೊಂದು ಬಾಟಲಿ ಕಟ್ಟಿ ಎಂಜಿನ್ನು ಓಡಿಸುತ್ತಾನೆ. ಯಾವ ಬಾಟಲಿ ಉಳಿದವಕ್ಕಿಂತ ಬೇಗ ತುಂಬುತ್ತದೋ ಆ ಇಂಜೆಕ್ಟರ್ ಒಳಗೊಳಗೇ ಸೋರುತ್ತಿದೆ. ಅದು ಕಳಚಿ ಬೆಂಚಿಗೆ ಹೋಗುತ್ತದೆ.