‘ರೇಸಿಮಿಕ್’: ಗೊಂಚಲಿನಿಂದ ಜೋಡಿಗೆ

ಒಂದು ಸಂಯುಕ್ತದ ಅಣುಗಳು ಎಡಗೈ–ಬಲಗೈಗಳಂತೆ ಪರಸ್ಪರ ಕನ್ನಡಿಬಿಂಬಗಳಾಗಿದ್ದು, ಎರಡೂ ರೂಪಗಳು ಸಮಪ್ರಮಾಣದಲ್ಲಿ ಕೂಡಿದ್ದರೆ ಆ ವಸ್ತು ರೇಸಿಮಿಕ್. ಒಂದು ರೂಪ ಧ್ರುವೀಕೃತ ಬೆಳಕನ್ನು ಬಲಕ್ಕೆ ಹೊರಳಿಸಿದಷ್ಟೇ ಇನ್ನೊಂದು ಎಡಕ್ಕೆ ಹೊರಳಿಸುವುದರಿಂದ ಒಟ್ಟು ಹೊರಳಿಕೆ ಸೊನ್ನೆ. ಪದದ ಮೂಲದಲ್ಲಿ ಮಾತ್ರ ಎಡ–ಬಲದ ಸುಳಿವೇ ಇಲ್ಲ. ಲ್ಯಾಟಿನ್ನಿನ ‘ರಸೇಮಸ್’ ಎಂದರೆ ದ್ರಾಕ್ಷಿಗೊಂಚಲು.

ವೈನ್ ಪೀಪಾಯಿಗಳಲ್ಲಿ ಕಟ್ಟುವ ಗಷ್ಟಿನಿಂದ ಟಾರ್ಟಾರಿಕ್ ಆಮ್ಲ ತೆಗೆಯುತ್ತಿದ್ದ ಆಲ್ಸೇಸಿನ ತಯಾರಕ ಕೆಸ್ಟ್ನರ್‌ಗೆ 1820ರ ಸುಮಾರಿಗೆ ಅದರೊಂದಿಗೇ ಬೇರೊಂದು ಆಮ್ಲ ದೊರಕಿತು. ರಸಾಯನವಿಜ್ಞಾನಿ ಗೇ ಲುಸಾಕ್ ಅದಕ್ಕೆ ‘ರೇಸಿಮಿಕ್ ಆಮ್ಲ’ ಎಂಬ ಹೆಸರಿಟ್ಟ. ಆಗ ಅದು ಒಂದೇ ಒಂದು ವಸ್ತುವಿನ ಹೆಸರು. ಎರಡೂ ಆಮ್ಲಗಳ ಸಂಯೋಜನೆ ಒಂದೇ ಎಂದು ಕಂಡ ರಸಾಯನವಿಜ್ಞಾನಿ ಬರ್ಜೀಲಿಯಸ್ 1830ರಲ್ಲಿ ‘ಐಸೋಮರ್’ (ಸಂಯೋಜನೆ ಒಂದೇ ಆದರೂ ಗುಣ ಬೇರೆಯಾದ ವಸ್ತು) ಪರಿಕಲ್ಪನೆಯನ್ನು ಮುಂದಿಟ್ಟ. ದ್ರಾಕ್ಷಿಯಲ್ಲೂ ನಮ್ಮ ಹುಣಸೆಯಲ್ಲೂ ಹೇರಳವಾಗಿರುವ ಟಾರ್ಟಾರಿಕ್ ಆಮ್ಲ ಬೆಳಕನ್ನು ಹೊರಳಿಸುತ್ತದೆ, ರೇಸಿಮಿಕ್ ಆಮ್ಲ ಹೊರಳಿಸುವುದಿಲ್ಲ. ಆ ವ್ಯತ್ಯಾಸವೇಕೆ ಎಂಬುದು ಒಗಟಾಗಿಯೇ ಉಳಿಯಿತು.

ಒಗಟು ಬಿಡಿಸಿದವನು ಲೂಯಿ ಪಾಶ್ಚರ್, 1848ರಲ್ಲಿ, ತನ್ನ 25ನೆಯ ವಯಸ್ಸಿನಲ್ಲಿ. ರೇಸಿಮಿಕ್ ಆಮ್ಲದ ಸೋಡಿಯಂ ಅಮೋನಿಯಂ ಲವಣದಲ್ಲಿ ಎರಡು ಬಗೆಯ ಹರಳುಗಳಿರುವುದನ್ನು ಅವನು ಗಮನಿಸಿದ. ಅಂಚಿನ ಪುಟ್ಟ ಮುಖಗಳು ಕೆಲವು ಹರಳುಗಳಲ್ಲಿ ಬಲಕ್ಕಿದ್ದರೆ ಕೆಲವುಗಳಲ್ಲಿ ಎಡಕ್ಕಿದ್ದವು. ಅವನ್ನು ಒಂದೊಂದಾಗಿ ಆರಿಸಿ ಬೇರೆಬೇರೆ ಕರಗಿಸಿದಾಗ ಒಂದು ದ್ರಾವಣ ಬೆಳಕನ್ನು ಬಲಕ್ಕೆ, ಇನ್ನೊಂದು ಎಡಕ್ಕೆ ಹೊರಳಿಸಿತು. ಹಿರಿಯ ವಿಜ್ಞಾನಿ ಬಿಯೋ ತನ್ನ ಕಣ್ಣೆದುರೇ ಪ್ರಯೋಗವನ್ನು ಮತ್ತೆ ಮಾಡಿಸಿ ನಂಬಿದ. ಹರಳುಗಳನ್ನು ಆರಿಸಿದ ಆ ತಾಳ್ಮೆಯ ಕೆಲಸವೇ ಪದದ ಅರ್ಥವನ್ನು ಬದಲಿಸಿತು ಎಂಬುದು ನನ್ನ ಅಭಿಪ್ರಾಯ. ಒಂದು ಆಮ್ಲದ ಹೆಸರಾಗಿದ್ದದ್ದು ಅಲ್ಲಿಂದ ಮುಂದೆ ಎರಡು ರೂಪಗಳ ಸಂಬಂಧವನ್ನು ಹೇಳುವ ಪದವಾಗತೊಡಗಿತು. ದ್ರಾಕ್ಷಿಯ ನಂಟೇ ಇಲ್ಲದ ಐಬುಪ್ರೊಫೇನ್ ಮಾತ್ರೆಯನ್ನೂ ಇಂದು ರೇಸಿಮಿಕ್ ಎನ್ನುತ್ತೇವೆ.

ಪಾಶ್ಚರ್ ಕಂಡದ್ದು ವಿರಳ ಸಂದರ್ಭ ಎಂಬುದನ್ನೂ ಹೇಳಬೇಕು. ಆ ಲವಣದ ಎಡ–ಬಲ ಹರಳುಗಳು ಬೇರೆಬೇರೆಯಾಗಿ ಮೂಡುವುದು ಸುಮಾರು 27 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದಾಗ ಮಾತ್ರ. ಬಹುಪಾಲು ರೇಸಿಮಿಕ್ ವಸ್ತುಗಳಲ್ಲಿ ಎರಡೂ ರೂಪಗಳು ಒಂದೇ ಹರಳಿನೊಳಗೆ ಜೊತೆಯಾಗಿ ನೆಲೆಸುತ್ತವೆ. ಕೈಯಿಂದ ಆರಿಸಲು ಅಲ್ಲಿ ಏನೂ ಇಲ್ಲ. ‘ರೇಸಿಮಿಕ್ ಮಿಶ್ರಣ’ ಎಂಬ ಪ್ರಯೋಗ ಈ ಎರಡು ಸ್ಥಿತಿಗಳನ್ನೂ ಕಲಸಿಬಿಡುತ್ತದೆ. ಅದಕ್ಕೇ ರಸಾಯನವಿಜ್ಞಾನದ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಪಿಎಸಿ ಅದನ್ನು ಬಿಟ್ಟು ‘ರೇಸಿಮೇಟ್’ ಎನ್ನಲು ಸೂಚಿಸುತ್ತದೆ. ನಮ್ಮ ಪಿಯುಸಿ ತರಗತಿಗಳಲ್ಲಿ ಇನ್ನೂ ‘ಮಿಶ್ರಣ’ವೇ ಬಳಕೆಯಲ್ಲಿದೆ, ಅದನ್ನು ತಿದ್ದುವುದು ಒಳ್ಳೆಯದು.