ಶಾಲೆ ಗೆಲ್ಲಬೇಕಾದರೆ ಶಿಕ್ಷಕರು ಒಂದಾಗಬೇಕು: ಕೋಲಾರದ ನೆಲ ಕಲಿಸುವ ಪಾಠ

ಕೋಲಾರ: ಒಂದರಿಂದ ಐದನೇ ತರಗತಿವರೆಗಿನ ಶಾಲೆ, ಇರುವವರು ಇಬ್ಬರೇ ಶಿಕ್ಷಕರು. ಒಬ್ಬರು ತರಬೇತಿಗೋ ಗಣತಿ ಕಾರ್ಯಕ್ಕೋ ತೆರಳಿದರೆ ಐದೂ ತರಗತಿಗಳ ಹೊಣೆ ಮತ್ತೊಬ್ಬರ ಹೆಗಲಿಗೆ ಬೀಳುತ್ತದೆ. ಅವರಿಬ್ಬರ ನಡುವೆ ಹೊಂದಾಣಿಕೆ ಇದ್ದರೆ ಆ ದಿನದ ಪಾಠ ನಡೆಯುತ್ತದೆ. ಇಲ್ಲವಾದರೆ ಮಕ್ಕಳು ಅಂಗಳದಲ್ಲಿ ಕಾಲ ಕಳೆಯುತ್ತಾರೆ.

ಶ್ರೀನಿವಾಸಪುರ, ಮುಳಬಾಗಿಲು ತಾಲ್ಲೂಕುಗಳ ಗಡಿ ಗ್ರಾಮಗಳಲ್ಲಿ ಇಂತಹ ಶಾಲೆಗಳು ಅಪರೂಪವಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರನ್ನು ನಿಗದಿಪಡಿಸಿದೆ. ಆದ್ದರಿಂದ ಸಹೋದ್ಯೋಗಿಗಳ ಒಗ್ಗಟ್ಟು ಎಂಬುದು ಭಾಷಣದ ವಿಷಯವಲ್ಲ; ಸಣ್ಣ ಶಾಲೆಯ ಪಾಲಿಗೆ ಅದು ಅಳಿವು ಉಳಿವಿನ ಪ್ರಶ್ನೆ.

ರಾಯಲ್ಪಾಡಿನಿಂದ ಹೆಗ್ಗಡದೇವನಕೋಟೆಗೆ

ಈ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ ಕೋಲಾರ ಜಿಲ್ಲೆಗೆ ಹೊಸದೇನಲ್ಲ. ಶಿಕ್ಷಣ ತಜ್ಞ ಡೇವಿಡ್ ಹಾರ್ಸ್‌ಬರೋ ಅವರು 1972ರಲ್ಲಿ ರಾಯಲ್ಪಾಡು ಬಳಿ ನೀಲ್‌ಬಾಗ್ ಶಾಲೆಯನ್ನು ಆರಂಭಿಸಿದರು. ಅಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕುಳಿತು, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಿದ್ದರು. ಪರೀಕ್ಷೆಯ ಭಯವಿರಲಿಲ್ಲ. ಶಾಲೆಯೇ ಶಿಕ್ಷಕರ ತರಬೇತಿ ಕೇಂದ್ರವೂ ಆಗಿತ್ತು. 1984ರಲ್ಲಿ ಹಾರ್ಸ್‌ಬರೋ ನಿಧನರಾದರೂ ಅವರ ವಿಚಾರಗಳು ಅಲ್ಲಿಗೇ ನಿಲ್ಲಲಿಲ್ಲ.

ಗಡಿಯಾಚೆ, ಆಂಧ್ರಪ್ರದೇಶದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಿಕ್ಷಣ ಕೇಂದ್ರವು ಸುತ್ತಲಿನ ಹಳ್ಳಿಗಳ ಪುಟ್ಟ ಶಾಲೆಗಳಿಗಾಗಿ ಕಲಿಕಾ ಕಾರ್ಡುಗಳ ಬಹುತರಗತಿ ಬೋಧನೆಯನ್ನು ರೂಪಿಸಿತು. ಅದರ ಮೇಲೆ ನೀಲ್‌ಬಾಗ್‌ನ ಪ್ರಭಾವವಿತ್ತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಿಕ್ಷಕರ ತಂಡವೊಂದು ಅಲ್ಲಿಗೆ ಭೇಟಿ ನೀಡಿ, ಯುನಿಸೆಫ್ ನೆರವಿನೊಂದಿಗೆ ಅದನ್ನು ಕನ್ನಡದ ಶಾಲೆಗಳಿಗೆ ಒಗ್ಗಿಸಿತು. ಅದೇ 'ನಲಿ ಕಲಿ'.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ನಲಿ ಕಲಿಯ ಕಾರ್ಡುಗಳು ಆರಂಭದಲ್ಲಿ ಮೇಲಿನ ಕಚೇರಿಯಿಂದ ಇಳಿದು ಬಂದವಲ್ಲ. ತರಗತಿಯಲ್ಲಿ ಪಾಠ ಮಾಡುತ್ತಿದ್ದ ಶಿಕ್ಷಕರೇ ಕೂಡಿ ಕುಳಿತು ಬರೆದು, ಮಕ್ಕಳ ಮೇಲೆ ಪ್ರಯೋಗಿಸಿ, ಮತ್ತೆ ಸೇರಿ ತಿದ್ದಿದ ಸಾಮಗ್ರಿಗಳು ಅವು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ನಲಿ ಕಲಿ ವಿಸ್ತರಣೆಯಾದಾಗ ಕಾರ್ಡುಗಳು ಸಿದ್ಧರೂಪದಲ್ಲಿ ತಲುಪಿದವು. ಆದರೆ ಕಾರ್ಡು ಹಂಚಿದಷ್ಟು ಸುಲಭವಾಗಿ ಅದನ್ನು ಹುಟ್ಟಿಸಿದ ಸಹಯೋಗವನ್ನು ಹಂಚಲಾಗದು. ಅದನ್ನು ಪ್ರತಿ ಶಾಲೆಯೂ ತಾನೇ ಕಟ್ಟಿಕೊಳ್ಳಬೇಕು.

ತೊಡಕುಗಳು ಎಲ್ಲಿ?

ಮೊದಲನೆಯದು ಸಮಯ. ಬಿಸಿಯೂಟ, ಹಾಲು, ಮೊಟ್ಟೆಯ ಲೆಕ್ಕ, ಗಣಕಯಂತ್ರಕ್ಕೆ ಮಾಹಿತಿ ತುಂಬುವ ಕೆಲಸ, ಸುತ್ತೋಲೆಗಳಿಗೆ ಉತ್ತರ ಇವುಗಳ ನಡುವೆ ಶಿಕ್ಷಕರು ಪರಸ್ಪರ ಪಾಠದ ಬಗ್ಗೆ ಮಾತನಾಡಲು ಬಿಡುವೇ ದೊರೆಯದು. ಆದರೆ ಶಿಕ್ಷಣ ಹಕ್ಕು ಕಾಯ್ದೆ ಶಿಕ್ಷಕರಿಗೆ ಗೊತ್ತುಪಡಿಸಿರುವ ವಾರದ ಕನಿಷ್ಠ 45 ಗಂಟೆಗಳಲ್ಲಿ ಪೂರ್ವಸಿದ್ಧತೆಯ ಅವಧಿಯೂ ಸೇರಿದೆ. ಒಟ್ಟಿಗೆ ಕುಳಿತು ಪಾಠ ಯೋಜಿಸುವುದು ಕೆಲಸಗಳ್ಳತನವಲ್ಲ, ಕೆಲಸವೇ.

ಎರಡನೆಯದು ವರ್ಗಾವಣೆ. 2007ರ ಕಾಯ್ದೆಯ ಬಳಿಕ, ಈಗ 2020ರ ಕಾಯ್ದೆಯಡಿ, ಕೌನ್ಸೆಲಿಂಗ್ ಮೂಲಕ ವರ್ಗಾವಣೆ ನಡೆಯುತ್ತದೆ. ಶಿಕ್ಷಕರೊಬ್ಬರು ಹೊರಟಾಗ ಯಾವ ಮಗು ಎಲ್ಲಿ ಎಡವುತ್ತದೆ, ಯಾರ ಮನೆಯಲ್ಲಿ ಏನು ಕಷ್ಟವಿದೆ ಎಂಬ ಅರಿವೂ ಅವರೊಂದಿಗೇ ಹೊರಟುಹೋಗುತ್ತದೆ. ಖಾಲಿ ಹುದ್ದೆಗೆ ಬರುವ ಅತಿಥಿ ಶಿಕ್ಷಕರು ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಮೂರನೆಯದು ಈ ಜಿಲ್ಲೆಗೇ ವಿಶಿಷ್ಟವಾದುದು: ಭಾಷೆ. ಶ್ರೀನಿವಾಸಪುರ, ಮುಳಬಾಗಿಲು ಗಡಿಯ ಅನೇಕ ಮಕ್ಕಳ ಮನೆಮಾತು ತೆಲುಗು. ಕೆಜಿಎಫ್‌ನಲ್ಲಿ ತಮಿಳು, ಪಟ್ಟಣಗಳ ಕೆಲವು ಬಡಾವಣೆಗಳಲ್ಲಿ ಉರ್ದು. ಒಂದನೇ ತರಗತಿಯ ಶಿಕ್ಷಕರಿಗೆ ತೆಲುಗು ಬಾರದಿದ್ದರೆ, ತೆಲುಗು ಬಲ್ಲ ಸಹೋದ್ಯೋಗಿ ದಿನಕ್ಕೆ ಅರ್ಧ ಗಂಟೆ ಆ ತರಗತಿಗೆ ಬರುವುದರಿಂದ ಮಗುವಿನ ಮೊದಲ ವರ್ಷ ವ್ಯರ್ಥವಾಗದೆ ಉಳಿಯಬಹುದು. ಅಂತಹ ವಿನಿಮಯ ಯಾವ ಆದೇಶದಿಂದಲೂ ಆಗದು. ಪರಸ್ಪರ ವಿಶ್ವಾಸದಿಂದ ಮಾತ್ರ ಸಾಧ್ಯ.

ಏನು ಮಾಡಬಹುದು?

* ವಾರಕ್ಕೊಂದು ನಿಗದಿತ ಸಭೆ: ದಿನ, ಸಮಯ ಬದಲಾಗಬಾರದು. ಅರ್ಧ ಗಂಟೆ ಸಾಕು. ಸುತ್ತೋಲೆ ಓದುವುದಕ್ಕೆ ಬೇರೆ ಸಮಯವಿರಲಿ; ಇಲ್ಲಿ ಹಿಂದುಳಿದ ಮಕ್ಕಳ ಹೆಸರು ಹಿಡಿದು ಚರ್ಚೆಯಾಗಲಿ.

* ಬರಹದಲ್ಲಿ ಕೆಲಸ ಹಂಚಿಕೆ: ಬಿಸಿಯೂಟದ ಲೆಕ್ಕ, ದಾಖಲಾತಿ, ಗ್ರಂಥಾಲಯ, ಆಟೋಟಗಳ ಹೊಣೆ ಯಾರದೆಂದು ಗೋಡೆಯ ಮೇಲೆ ಬರೆದು ಹಾಕಬೇಕು. ವರ್ಷವಿಡೀ ಒಬ್ಬರ ಮೇಲೇ ಹೊರೆ ಬೀಳದಂತೆ ಸರದಿ ಬದಲಾಗಬೇಕು. ಹೆಚ್ಚಿನ ಸಿಬ್ಬಂದಿ ಮನಸ್ತಾಪಗಳು 'ಎಲ್ಲ ನಾನೇ ಮಾಡಬೇಕೇ' ಎಂಬ ಮಾತಿನಿಂದಲೇ ಆರಂಭವಾಗುತ್ತವೆ.

* ಪರಸ್ಪರರ ತರಗತಿ ವೀಕ್ಷಣೆ: ತಿಂಗಳಿಗೊಮ್ಮೆ ಸಹೋದ್ಯೋಗಿಯ ಪಾಠವನ್ನು ಹಿಂದಿನ ಸಾಲಿನಲ್ಲಿ ಕುಳಿತು ನೋಡಬೇಕು. ತಪ್ಪು ಹುಡುಕಲು ಅಲ್ಲ, ಕಲಿಯಲು. ಮುಖ್ಯ ಶಿಕ್ಷಕರು ಮೊದಲು ತಮ್ಮ ತರಗತಿಯ ಬಾಗಿಲು ತೆರೆದರೆ ಉಳಿದವರ ಅಳುಕು ಹೋಗುತ್ತದೆ.

* ಹಸ್ತಾಂತರ ಪುಸ್ತಕ: ಪ್ರತಿ ಮಗುವಿಗೊಂದು ಪುಟ. ಎಷ್ಟು ಓದುತ್ತದೆ, ಯಾವ ಲೆಕ್ಕದಲ್ಲಿ ನಿಂತಿದೆ, ಮನೆಯವರನ್ನು ಯಾವಾಗ ಭೇಟಿಯಾಗಬಹುದು ಎಂಬ ಟಿಪ್ಪಣಿ. ವರ್ಗವಾಗಿ ಹೋಗುವವರು ಬರುವವರಿಗೆ ಅದನ್ನು ಒಪ್ಪಿಸಬೇಕು.

* ಎಲ್ಲರನ್ನೂ ಸೇರಿಸಿಕೊಳ್ಳುವುದು: ಅತಿಥಿ ಶಿಕ್ಷಕರು, ಅಡುಗೆ ಸಿಬ್ಬಂದಿ, ಪಕ್ಕದ ಅಂಗನವಾಡಿ ಕಾರ್ಯಕರ್ತೆ ಸಹ ಶಾಲೆಯ ತಂಡವೇ. ಮಗು ಊಟ ಬಿಟ್ಟಿದ್ದು ಮೊದಲು ತಿಳಿಯುವುದು ಅಡುಗೆಯವರಿಗೆ.

* ಭಿನ್ನಾಭಿಪ್ರಾಯಕ್ಕೆ ಜಾಗ: ಮನಸ್ತಾಪ ಸಹಜ. ಅದನ್ನು ಸಿಬ್ಬಂದಿ ಕೊಠಡಿಯಲ್ಲಿಯೇ ಮಾತನಾಡಿ ಮುಗಿಸಬೇಕು. ಮಕ್ಕಳ ಮುಂದೆ ಅಥವಾ ಊರಿನ ಕಟ್ಟೆಯ ಮೇಲೆ ಅದು ಚರ್ಚೆಗೆ ಬಂದರೆ ಪೋಷಕರ ನಂಬಿಕೆ ಕುಸಿಯುತ್ತದೆ.

ಇರುವ ವ್ಯವಸ್ಥೆಯ ಬಳಕೆ

ಇದಕ್ಕಾಗಿ ಹೊಸ ಯೋಜನೆಯನ್ನು ಕಾಯಬೇಕಿಲ್ಲ. ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ (ಡಿಪಿಇಪಿ) 1990ರ ದಶಕದಲ್ಲಿ ರಾಜ್ಯಕ್ಕೆ ಬಂದಾಗ ಮೊದಲ ಹಂತದ ನಾಲ್ಕು ಜಿಲ್ಲೆಗಳಲ್ಲಿ ಬೆಳಗಾವಿ, ಮಂಡ್ಯ, ರಾಯಚೂರುಗಳೊಂದಿಗೆ ಕೋಲಾರವೂ ಇತ್ತು. ಅಂದು ರೂಪುಗೊಂಡ ಕ್ಲಸ್ಟರ್ ಸಂಪನ್ಮೂಲ ಕೇಂದ್ರಗಳ ಉದ್ದೇಶವೇ ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಸೇರಿ ಅನುಭವ ಹಂಚಿಕೊಳ್ಳುವುದಾಗಿತ್ತು. ಸಮಾಲೋಚನಾ ಸಭೆಗಳು ಮಾಹಿತಿ ಸಂಗ್ರಹಕ್ಕೆ ಸೀಮಿತವಾಗದೆ, ಪ್ರತಿ ಬಾರಿ ಒಬ್ಬ ಶಿಕ್ಷಕರು ತಮ್ಮ ತರಗತಿಯ ಒಂದು ಸಮಸ್ಯೆಯನ್ನು ಮಂಡಿಸಿ ಉಳಿದವರ ಸಲಹೆ ಪಡೆಯುವಂತಾದರೆ ಏಕೋಪಾಧ್ಯಾಯ ಶಾಲೆಯವರೂ ಒಂಟಿಯಾಗುವುದಿಲ್ಲ.

ರಾಜಾರಾಮಣ್ಣ ಕಾರ್ಯಪಡೆಯ ಶಿಫಾರಸಿನ ಹಿನ್ನೆಲೆಯಲ್ಲಿ 2001ರಲ್ಲಿ ರಚನೆಯಾದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ (ಎಸ್‌ಡಿಎಂಸಿ) ಪಾತ್ರವೂ ಹಿರಿದು. ಶಿಕ್ಷಕರು ಒಂದೇ ದನಿಯಲ್ಲಿ ಮಾತನಾಡುವ ಶಾಲೆಗೆ ಸಮಿತಿ ಬೆನ್ನೆಲುಬಾಗುತ್ತದೆ. ಬಣಗಳಾಗಿ ಒಡೆದ ಶಾಲೆಯಲ್ಲಿ ಸಮಿತಿಯೂ ಬಣವಾಗುತ್ತದೆ.

ಮಕ್ಕಳ ಸಂಖ್ಯೆ ಕುಸಿದ ಶಾಲೆಗಳಿಗೆ ಮುಚ್ಚುವ ಆತಂಕ ಇದ್ದೇ ಇದೆ. ಹಳ್ಳಿಯ ಪೋಷಕರು ಮಗುವನ್ನು ಖಾಸಗಿ ಶಾಲೆಯ ವ್ಯಾನಿಗೆ ಹತ್ತಿಸುವ ಮುನ್ನ ನೋಡುವುದು ಕಟ್ಟಡದ ಬಣ್ಣವನ್ನಷ್ಟೇ ಅಲ್ಲ, ಶಾಲೆಯಲ್ಲಿ ಪಾಠ ನಡೆಯುತ್ತಿದೆಯೇ ಎಂಬುದನ್ನು. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಅದಕ್ಕೆ ಉತ್ತರ ಆ ಇಬ್ಬರ ಹೊಂದಾಣಿಕೆಯಲ್ಲಿದೆ.