ಹೊಲವೇ ಬೇಲಿ ಮೇಯ್ದ ಕಥೆ: ಒಸಡು ಮತ್ತು ಕೊಲಾಜೆನ್

1/7
ಬ್ಯೂಟಿ ರೀಲ್ಸ್ ಪುಣ್ಯದಿಂದ ‘ಕೊಲಾಜೆನ್’ ಅನ್ನೋ ಪದ ಈಗ ಎಲ್ಲರ ಬಾಯಲ್ಲೂ ಇದೆ. ನಿಜ ಹೇಳಬೇಕಂದ್ರೆ ಆ ವಸ್ತುನೂ ಎಲ್ಲರ ಬಾಯಲ್ಲೇ ಇದೆ! ಒಸಡು, ದವಡೆ ಮೂಳೆ, ಹಲ್ಲಿನ ಬೇರನ್ನ ಮೂಳೆಗೆ ಕಟ್ಟಿಹಾಕೋ ನಾರು, ಇವೆಲ್ಲದರಲ್ಲೂ ಇರೋ ಮುಖ್ಯ ಪ್ರೋಟೀನ್ ಇದೇ. ಇದು ಸರಿಯಾಗಿ ತಯಾರಾಗೋಕೆ ವಿಟಮಿನ್ ಸಿ ಬೇಕು. ಹಳೇ ಕಾಲದ ನಾವಿಕರಿಗೆ ಸಮುದ್ರದ ಮೇಲೆ ತಿಂಗಳುಗಟ್ಟಲೆ ಹಣ್ಣು, ತರಕಾರಿ ಸಿಗ್ತಿರಲಿಲ್ಲ. ಸ್ಕರ್ವಿ ಬಂದು ಒಸಡು ಊದಿ, ರಕ್ತ ಸುರಿದು, ಹಲ್ಲು ಅಲ್ಲಾಡ್ತಿತ್ತು. 1747ರಲ್ಲಿ ಜೇಮ್ಸ್ ಲಿಂಡ್ ಅನ್ನೋ ಹಡಗಿನ ವೈದ್ಯ 12 ರೋಗಿಗಳನ್ನ ಇಬ್ಬಿಬ್ಬರಂತೆ ಬೇರೆ ಮಾಡಿ, ಬೇರೆ ಬೇರೆ ಮದ್ದು ಕೊಟ್ಟು ನೋಡಿದ. ಕಿತ್ತಳೆ, ನಿಂಬೆ ತಿಂದ ಇಬ್ಬರು ಬೇಗ ಚೇತರಿಸಿಕೊಂಡ್ರು. ಕಾರಣ ಮಾತ್ರ ಆಗ ಯಾರಿಗೂ ಗೊತ್ತಿರಲಿಲ್ಲ.

2/7
ಸರ್ಜನ್‌ಗಳು ಕೊಲಾಜೆನ್ ಬಳಸೋಕೆ ಶುರು ಮಾಡಿದ್ದು ಅದರ ರಚನೆ ತಿಳಿಯೋ ಎಷ್ಟೋ ಮುಂಚೆ. ‘ಕ್ಯಾಟ್‌ಗಟ್’ ಅನ್ನೋ ಹೊಲಿಗೆ ದಾರ ಕೇಳಿದ್ದೀರಲ್ಲ? ಅದಕ್ಕೂ ಬೆಕ್ಕಿಗೂ ಸಂಬಂಧ ಇಲ್ಲ. ಅದು ಕುರಿಯಂಥ ಪ್ರಾಣಿಗಳ ಕರುಳಿನಿಂದ ಮಾಡೋ ದಾರ, ಅಂದ್ರೆ ಬಹುಪಾಲು ಕೊಲಾಜೆನ್. 1860ರ ದಶಕದ ಕೊನೆಯಲ್ಲಿ ಜೋಸೆಫ್ ಲಿಸ್ಟರ್ ಅದನ್ನ ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿ ಬಳಸಿದರು. ಒಳಗೆ ಹಾಕಿದ ಹೊಲಿಗೆ ಬಿಚ್ಚೋ ಗೋಜೇ ಇಲ್ಲ, ದೇಹವೇ ನಿಧಾನಕ್ಕೆ ಕರಗಿಸಿಕೊಳ್ಳುತ್ತೆ. ಈ ಗುಣ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

3/7
ಕೊಲಾಜೆನ್ ಒಳಗಡೆ ಹೇಗಿದೆ? ಇದಕ್ಕೆ ಉತ್ತರ ಹುಡುಕಿದವರಲ್ಲಿ ಮೊದಲಿಗರು ನಮ್ಮ ಪಕ್ಕದ ಮದ್ರಾಸಿನವರು. ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ 1954ರಲ್ಲಿ ಇದರ ಮೂರು ಎಳೆಗಳ ಮಾದರಿಯನ್ನ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮುಂದಿನ ವರ್ಷ ಅದನ್ನ ಇನ್ನೂ ತಿದ್ದಿದರು. ಮೂರು ಎಳೆ ಸೇರಿಸಿ ಹೊಸೆದ ಹಗ್ಗ ಅಂದ್ಕೊಳ್ಳಿ. ಇದೇ ರಾಮಚಂದ್ರನ್ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದವರು. ಆಮೇಲೆ ಅಲ್ಲಿಗೇ ವಾಪಸ್ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು.

4/7
ಈಗ ದಂತವೈದ್ಯರ ತಲೆನೋವಿಗೆ ಬರೋಣ. ಒಸಡಿನ ಕಾಯಿಲೆಯಲ್ಲಿ ಬೇರಿನ ಸುತ್ತ ಇರೋ ಮೂಳೆ, ನಾರು ಕರಗಿ ಆಳದ ಸಂದು ಬೀಳುತ್ತೆ. ಅದನ್ನ ಕ್ಲೀನ್ ಮಾಡಿ ಹೊಲಿಗೆ ಹಾಕಿದ್ರೆ ಗಾಯವೇನೋ ಮಾಯುತ್ತೆ, ಆದ್ರೆ ಕಳೆದುಹೋದ ನಾರು, ಮೂಳೆ ಹೆಚ್ಚಾಗಿ ವಾಪಸ್ ಬರ್ತಿರಲಿಲ್ಲ. ಯಾಕೆ? 1976ರಲ್ಲಿ ಮೆಲ್ಚರ್ ಒಂದು ಸರಳ ವಾದ ಮುಂದಿಟ್ಟರು. ಗಾಯದ ಜಾಗಕ್ಕೆ ನಾಲ್ಕು ಬಗೆಯ ಜೀವಕೋಶಗಳು ಓಡಿಬರ್ತವೆ: ಒಸಡಿನ ಮೇಲ್ಪದರದ್ದು, ಒಸಡಿನ ಒಳಪದರದ್ದು, ಮೂಳೆಯದ್ದು, ಬೇರಿನ ನಾರಿನದ್ದು. ಮೊದಲು ಬಂದವರದ್ದೇ ಸೀಟು. ಮೇಲ್ಪದರ ಎಲ್ಲಕ್ಕಿಂತ ಜೋರಾಗಿ ಓಡುತ್ತೆ, ಟವೆಲ್ ಹಾಕಿ ಜಾಗ ಹಿಡಿಯುತ್ತೆ. ನಿಜವಾಗ್ಲೂ ಬೇಕಾಗಿದ್ದ ನಾರಿನ ಕೋಶ ಹಿಂದೆ ಉಳಿಯುತ್ತೆ.

5/7
ಹಾಗಾದ್ರೆ ಮಧ್ಯೆ ಒಂದು ಬೇಲಿ ಹಾಕಿದ್ರೆ? 1982ರಲ್ಲಿ ನೈಮನ್ ಮತ್ತು ಸಂಗಡಿಗರು ಕೀಳಲೇಬೇಕಾಗಿದ್ದ ಒಂದು ಕೆಳಹಲ್ಲಿನ ಮೇಲೆ ಇದನ್ನ ಪರೀಕ್ಷಿಸಿದರು. ಬೇಲಿ ಯಾವುದು ಗೊತ್ತಾ? ಲ್ಯಾಬ್‌ನಲ್ಲಿ ಬಳಸೋ ಮಿಲಿಪೋರ್ ಫಿಲ್ಟರ್! ಮೂರು ತಿಂಗಳಾದ ಮೇಲೆ ಹಲ್ಲನ್ನ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ್ರೆ, ಬೇರಿನ ಮೇಲೆ ಹೊಸ ನಾರು ಅಂಟಿಕೊಂಡಿತ್ತು. ಆಮೇಲೆ ಟೆಫ್ಲಾನ್ ಜಾತಿಯ ಪೊರೆಗಳು ಬಂದವು. ಕೆಲಸ ಚೆನ್ನಾಗಿತ್ತು, ಆದ್ರೆ ಅವು ಕರಗ್ತಿರಲಿಲ್ಲ. ಕೆಲವು ವಾರ ಬಿಟ್ಟು ಅದೇ ಒಸಡನ್ನ ಮತ್ತೆ ಕೊಯ್ದು ಹೊರಗೆ ತೆಗೀಬೇಕು. ಮಧ್ಯದಲ್ಲಿ ಪೊರೆ ಬಾಯೊಳಗೆ ತೆರೆದುಕೊಂಡ್ರೆ ಸೋಂಕಿನ ಕಾಟ ಬೇರೆ.

ಇಲ್ಲಿ ಕ್ಯಾಟ್‌ಗಟ್ ಗುಣ ನೆನಪಿಸಿಕೊಳ್ಳಿ. 1980ರ ದಶಕದಲ್ಲೇ ಕೊಲಾಜೆನ್ ಪೊರೆಗಳ ಪ್ರಯೋಗ ಶುರುವಾಗಿ, 90ರ ದಶಕದಲ್ಲಿ ಅವು ಬಳಕೆಗೆ ಬಂದವು. ರಕ್ತ ಹೆಪ್ಪುಗಟ್ಟೋಕೆ ಸಹಾಯ ಮಾಡುತ್ತೆ, ಒಸಡಿನ ಕೋಶಗಳಿಗೆ ಒಗ್ಗುತ್ತೆ, ಕೆಲಸ ಮುಗಿದ ಮೇಲೆ ದೇಹದ ಕಿಣ್ವಗಳೇ ಅದನ್ನ ಕರಗಿಸುತ್ತವೆ. ಬೇಲಿ ಎದ್ದು ಹೊಲ ಮೇಯೋ ಗಾದೆ ಕೇಳಿದ್ದೀರಿ. ಇಲ್ಲಿ ಉಲ್ಟಾ: ಹೊಲವೇ ಬೇಲಿಯನ್ನ ಮೇಯುತ್ತೆ!

6/7
ಇನ್ನೊಂದು ಸಮಸ್ಯೆ: ಒಸಡು ಕೆಳಗೆ ಸರಿದು ಬೇರು ಕಾಣೋದು. ತಣ್ಣೀರು ತಾಕಿದ್ರೆ ಜುಂ ಅನ್ನುತ್ತಲ್ಲ, ಅದು. ಇದಕ್ಕೆ 1960ರ ದಶಕದಿಂದ ರೋಗಿಯ ಅಂಗುಳದಿಂದಲೇ ತುಂಡು ತೆಗೆದು ಕಸಿ ಮಾಡ್ತಿದ್ರು. 1985ರಲ್ಲಿ ಲ್ಯಾಂಗರ್ ಮತ್ತು ಲ್ಯಾಂಗರ್ ಅಂಗುಳದ ಒಳಪದರವನ್ನಷ್ಟೇ ತೆಗೆಯೋ ವಿಧಾನ ವಿವರಿಸಿದರು. ಫಲಿತಾಂಶ ಸೊಗಸು, ಆದ್ರೆ ಒಂದು ಬಾಯಿಗೆ ಎರಡು ಗಾಯ. ಎಷ್ಟೋ ಜನಕ್ಕೆ ಒಸಡಿಗಿಂತ ಅಂಗುಳವೇ ಜಾಸ್ತಿ ನೋಯುತ್ತೆ. 2000ದ ದಶಕದ ಕೊನೆಗೆ ಬಂದ ಸ್ಪಂಜಿನಂಥ ಕೊಲಾಜೆನ್ ಮ್ಯಾಟ್ರಿಕ್ಸ್ ಆ ಎರಡನೇ ಗಾಯ ತಪ್ಪಿಸಿತು. ಹಾಗಂತ ಅಂಗುಳದ ಕಸಿ ಮೂಲೆ ಸೇರಿಲ್ಲ. ಬೇರು ಮುಚ್ಚೋ ವಿಷಯದಲ್ಲಿ ಇವತ್ತಿಗೂ ಅದೇ ಒಂದು ಕೈ ಮೇಲು.

7/7
ಕೊನೆಗೆ, ನನ್ನ ಕ್ಲಾಸ್‌ಮೇಟ್‌ಗಳಿಗೆ ಒಂದು ಮಾತು. ಈ ಕೊಲಾಜೆನ್ ಎಲ್ಲಿಂದ ಬರುತ್ತೆ? ಹೆಚ್ಚಾಗಿ ಹಂದಿಯಿಂದ, ಇಲ್ಲಾ ದನದಿಂದ. ಎಷ್ಟೇ ಶುದ್ಧ ಮಾಡಿದ್ರೂ ಮೂಲ ಅದೇ. ನಮ್ಮ ಕುರ್ಚಿ ಮೇಲೆ ನಾಳೆ ಕೂರೋರಲ್ಲಿ ಹಂದಿ ಮುಟ್ಟದವರು ಇರ್ತಾರೆ, ದನ ಬೇಡ ಅನ್ನೋರು ಇರ್ತಾರೆ, ಮಾಂಸವನ್ನೇ ತಿನ್ನದವರು ಇರ್ತಾರೆ. ಫಾರ್ಮ್‌ನಲ್ಲಿ ‘ಮೆಂಬ್ರೇನ್’ ಅಂತ ಬರೆದು ಸಹಿ ಹಾಕಿಸಿಕೊಂಡ್ರೆ ಅದು ಒಪ್ಪಿಗೆ ಆಗಲ್ಲ. “ಅಮ್ಮಾ, ಇದು ಹಂದಿಯಿಂದ ಮಾಡಿದ್ದು. ಬೇಡ ಅಂದ್ರೆ ನಿಮ್ಮ ಅಂಗುಳದಿಂದಲೇ ತೆಗೀಬಹುದು, ಆದ್ರೆ ಸ್ವಲ್ಪ ನೋವು ಜಾಸ್ತಿ” ಅಂತ ಅವರ ಭಾಷೆಯಲ್ಲಿ ಹೇಳೋಕೆ ಎರಡು ನಿಮಿಷ ಸಾಕು. ಯಾವ ನೋವು ತಡ್ಕೋಬೇಕು, ಯಾವುದನ್ನ ತನ್ನ ಬಾಯೊಳಗೆ ಬಿಟ್ಕೋಬೇಕು ಅಂತ ತೀರ್ಮಾನಿಸೋ ಹಕ್ಕು ಬಾಯಿ ಯಾರದೋ ಅವರದ್ದು.

ಸೇವ್ ಮಾಡ್ಕೊಳ್ಳಿ, ಪೆರಿಯೊ ಪೋಸ್ಟಿಂಗ್ ಇರೋ ಫ್ರೆಂಡ್‌ಗೆ ಕಳಿಸಿ.

#ಒಸಡು #ಕೊಲಾಜೆನ್ #ಹಲ್ಲಿನಇತಿಹಾಸ #ಕನ್ನಡದಲ್ಲಿವಿಜ್ಞಾನ